ನೀಲಿ ಮೊಟ್ಟೆ ಮತ್ತು ನನ್ನ ಹತ್ತು ಬೆರಳು

ಧೈರ್ಯದ ವಿಷಯದಲ್ಲಿ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಅದನ್ನು ಪರೀಕ್ಷಿಸುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ಕೊಟ್ಟೂರಿನ ಒಂದು ಓಣಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವ ಮನುಷ್ಯನಿಗೆ ಅಂಥ ಸಂದರ್ಭ ಬರುವುದಾದರೂ ಹೇಗೆ? ಹೆಚ್ಚೆಂದರೆ ರಿಬ್ಬನ್ ಹರಿಯುತ್ತದೆ, ಇಲ್ಲವೇ ಕರೆಂಟು ಹೋಗುತ್ತದೆ. ಟೈಪ್ ಯಂತ್ರಕ್ಕೆ ಕರೆಂಟೂ ಬೇಕಿಲ್ಲ. ಅಷ್ಟು ನಿರ್ಭಯವಾಗಿತ್ತು ನನ್ನ ಬದುಕು.

ಹೀಗಿರುವಾಗ ನಮ್ಮ ಮನೆಗೆ ಒಂದು ಕೋಳಿ ಬಂತು.

ತಂದುಕೊಟ್ಟವನು ನನ್ನ ಷಡ್ಡಕ, ಅಂದರೆ ಹೆಂಡತಿ ಶಾರದೆಯ ತಂಗಿಯ ಗಂಡ. ಹೊಸಪೇಟೆ ಕಡೆ ಒಬ್ಬ ಶ್ರೀಮಂತರ ತೋಟ ನೋಡಿಕೊಳ್ಳುತ್ತಿದ್ದ. ಆ ಶ್ರೀಮಂತರಿಗೆ ದೇಶವಿದೇಶದ ಕೋಳಿ ಸಾಕುವ ಹುಚ್ಚು. ಅವರ ಗೂಡಿನಲ್ಲಿ ಜಾಗ ಸಾಲದೆ ಒಂದನ್ನು ಇವನಿಗೆ ಕೊಟ್ಟಿದ್ದರು. ಇವನು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಇಳಿಸಿದ. ಬೂದಿ ಬಣ್ಣದ ಮೈ, ಕೆನ್ನೆಯ ಎರಡೂ ಬದಿಗೆ ಗಡ್ಡದಂತೆ ಪುಕ್ಕ. ಬುಟ್ಟಿಯಿಂದ ಹೊರಬಂದದ್ದೇ ನನ್ನನ್ನೂ ಶಾರದೆಯನ್ನೂ ಮೇಲಿಂದ ಕೆಳಗೆ ನೋಡಿತು.

"ಅಣ್ಣಾ, ಇದು ದಕ್ಷಿಣ ಅಮೆರಿಕದ ತಳಿ. ಇನ್ನೇನು ತತ್ತಿಗೆ ಬಂದೈತಿ. ತತ್ತಿ ಹೆಂಗಿರ್ತೈತಿ ಗೊತ್ತೇನು? ನೀಲಿ."

"ಬಣ್ಣ ಹಚ್ಚಿದಂಗ?"

"ಹಚ್ಚಿದ್ದಲ್ಲಣ್ಣಾ. ಹುಟ್ತಾನ ನೀಲಿ. ತಿಳಿಯಾಗಿ, ಮುಗಿಲಿನಂಗ."

ಇಡೀ ಕೊಟ್ಟೂರಿನಲ್ಲಿ ಇಲ್ಲದ್ದು ನನ್ನ ಮನೆಯಲ್ಲಿ! ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಊರಿಗೆ ಆಗಲೇ ಕಂಪ್ಯೂಟರ್ ಬಂದು ನನ್ನ ಯಂತ್ರಗಳನ್ನು ಜನ ಮರುಕದಿಂದ ನೋಡುತ್ತಿದ್ದ ಕಾಲ ಅದು. ಓಣಿಯವರು ನನ್ನ ಮನೆಗೆ ಸಾಲುಗಟ್ಟಿ ಬಂದು ಬಾಯಿ ಬಿಟ್ಟು ನಿಲ್ಲುವ ದೃಶ್ಯ ಕಣ್ಣಿಗೆ ಕಟ್ಟಿತು. ಆದ್ದರಿಂದ ನಾನೊಂದು ನಿರ್ಧಾರ ಕೈಗೊಂಡೆ. ಮೊದಲ ಮೊಟ್ಟೆ ಕೈಗೆ ಸಿಗುವವರೆಗೆ ಬಣ್ಣದ ವಿಷಯ ಹೊರಗೆ ಯಾರಿಗೂ ಬಾಯಿ ಬಿಡಕೂಡದು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಮೊಟ್ಟೆ ಇಟ್ಟು, ಎಲ್ಲರನ್ನೂ ಚಹಾಕ್ಕೆ ಕರೆಯುವುದು.

ಶಾರದೆಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಹೊರಗ ನೀಲಿ ಆದ್ರೇನ್ರೀ, ಒಳಗ ಹಳದಿನ ಇರ್ತೈತಲ್ಲ" ಎಂದು ಒಳಗೆ ಹೋದಳು. ಆದರೂ ವಿದೇಶದಿಂದ ಬಂದದ್ದಕ್ಕೆ ಮರ್ಯಾದೆ ಕೊಟ್ಟು ಕೋಳಿಯನ್ನು ಮೇಡಂ ಎಂದು ಕರೆಯತೊಡಗಿದಳು.

ಮೇಡಂ ಪ್ರತಿದಿನ ಬೆಳಿಗ್ಗೆ ಕಾಳು ತಿಂದು, ಹಿತ್ತಲ ಗೋಡೆ ಹಾರಿ ಪಕ್ಕದ ಮನೆಗೆ ಹೋಗುತ್ತಿತ್ತು. ಹೊತ್ತೇರಿದ ಮೇಲೆ ಬರುತ್ತಿತ್ತು. ನಾನು ನಮ್ಮ ಹಿತ್ತಲಿನಲ್ಲಿ ಹುಲ್ಲು ಹಾಸಿದ ಬುಟ್ಟಿ ಇಟ್ಟು ಕಾದದ್ದೇ ಕಾದದ್ದು. ಬುಟ್ಟಿ ಖಾಲಿ. ಪಕ್ಕದ ಮನೆಯಲ್ಲಿ ಅದಕ್ಕೇನು ಕೆಲಸ ಎಂದು ಒಂದು ದಿನವಾದರೂ ಯೋಚಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಆ ಪಕ್ಕದ ಮನೆ ದುರುಗಪ್ಪನದು. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ತುಂಬಿದ ಶೇಂಗಾ ಚೀಲವನ್ನು ನಾವು ಟವೆಲ್ ಹಾಕಿಕೊಂಡಂತೆ ಹೆಗಲಿಗೆ ಹಾಕಿಕೊಳ್ಳುವ ಮನುಷ್ಯ. ಹೆಂಡತಿ ಗಂಗಮ್ಮ. ಮಗಳು ರೇಣುಕಾ ನನ್ನಲ್ಲೇ ಟೈಪಿಂಗ್ ಕಲಿತವಳು, ಕೀಲಿ ನೋಡದೆ ಹೊಡೆಯುತ್ತಿದ್ದ ಜಾಣೆ. ಹರಪನಹಳ್ಳಿಗೆ ಮದುವೆಯಾಗಿ ಹೋಗಿ, ಈಗ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುತ್ತಾ ಬಂದಿತ್ತು.

ಒಂದು ಬೆಳಿಗ್ಗೆ ಅವರ ಹಿತ್ತಲಿನಿಂದ ರೇಣುಕಾ ಚೀರಿದ್ದು ಕೇಳಿಸಿತು. ಓಣಿಯೆಲ್ಲ ಓಡಿತು, ನಾನೂ ಓಡಿದೆ. ಹುಡುಗಿ ಸ್ನಾನದ ಹಂಡೆಗೆ ಉರಿ ಹಾಕಲು ಹೋಗಿ, ಕಟ್ಟಿಗೆ ಒಟ್ಟಿದಲ್ಲಿ ಕೈ ಹಾಕಿದ್ದಾಳೆ. ಕೈಗೆ ಏನೋ ತಣ್ಣಗೆ ಉರುಟಾದದ್ದು ಸಿಕ್ಕಿದೆ. ತೆಗೆದು ನೋಡಿದರೆ ನೀಲಿ ಮೊಟ್ಟೆ.

ಅದು ಈಗ ನೆಲದ ಮೇಲಿತ್ತು. ಸುತ್ತ ಜನ ದೂರ ನಿಂತಿದ್ದರು. ಷಡ್ಡಕ ಹೇಳಿದಂತೆಯೇ, ತಿಳಿಯಾಗಿ, ಮುಗಿಲಿನ ಬಣ್ಣ. ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ ಸುತ್ತಲಿನ ಮುಖಗಳನ್ನು ನೋಡಿದೆ. ಹೆಮ್ಮೆ ಹೊಟ್ಟೆಯೊಳಗೆ ಎಲ್ಲೋ ಇಳಿದು ಹೋಯಿತು.

ನಮ್ಮ ಕಡೆ ಅಡುಗೆ ಮನೆಯಲ್ಲಿರುವ ಮೊಟ್ಟೆ ಊಟ. ಅದೇ ಮೊಟ್ಟೆ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು, ಕುಂಕುಮದ ಜೊತೆ ಕಂಡರೆ ಎಂಥ ಅವಸರದಲ್ಲಿದ್ದವರೂ ಸುತ್ತುಹಾಕಿ ಹೋಗುತ್ತಾರೆ. ಇನ್ನು ಬಸುರಿ ಇರುವ ಮನೆಯ ಹಿತ್ತಲಿನಲ್ಲಿ, ಯಾವ ಕೋಳಿಯೂ ಇಡದ ಬಣ್ಣದ ಮೊಟ್ಟೆ ಸಿಕ್ಕರೆ? ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಆದರೂ ಗಂಗಮ್ಮ ಹೇಳಿದಳು.

"ಯಾರೋ ಮಾಟ ಮಾಡ್ಸ್ಯಾರ. ನನ್ನ ಮಗಳ ಹೊಟ್ಟಿ ಮ್ಯಾಲ ಕಣ್ಣು ಹಾಕ್ಯಾರ."

ದುರುಗಪ್ಪ ಮೊಟ್ಟೆಯನ್ನೇ ನೋಡುತ್ತ ನಿಂತಿದ್ದ. ಅವನ ದನಿ ದೊಡ್ಡದಾಗಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾದದ್ದು. "ಇದನ್ನ ಇಟ್ಟಾವ ಯಾರರ ಇರ್ಲಿ. ಸಿಕ್ಕ ದಿನ ಅವನ ಕೈ ಮುರಿತೀನಿ." ಆಮೇಲೆ ನನ್ನ ಕಡೆ ತಿರುಗಿದ. "ಮೇಷ್ಟ್ರ, ನೀವು ನಾಕು ಅಕ್ಷರ ಬಲ್ಲೋರು. ಏನಿದು, ನೀವ ಹೇಳ್ರಿ."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾಲ್ಕೇ ಶಬ್ದ. ಆದರೆ ನನ್ನ ಕಣ್ಣು ಅವನ ತೋಳಿನ ಮೇಲೆ ಬಿತ್ತು.

"ಇದು... ವಿಚಾರ ಮಾಡಬೇಕಾದ ವಿಷಯ ದುರುಗಪ್ಪ" ಎಂದೆ. ಸಾಲದ್ದಕ್ಕೆ ಗಂಭೀರವಾಗಿ ತಲೆಯನ್ನೂ ಆಡಿಸಿದೆ. "ನೋಡ್ರಿ, ಮೇಷ್ಟ್ರೂ ಹೌದಂದ್ರು" ಎಂದು ಹಿಂದಿನಿಂದ ಯಾರೋ ಅಂದರು. ದುರುಗಪ್ಪ ಮೊಟ್ಟೆಯನ್ನು ಸಲಿಕೆಯ ಮೇಲೆ ಹೊತ್ತುಕೊಂಡು ಊರ ಹೊರಗಿನ ಹಳ್ಳಕ್ಕೆ ಹೋಗಿ ಹೂತು ಬಂದ. ನನ್ನ ಸ್ಟೀಲ್ ತಟ್ಟೆ, ಅಕ್ಕಿ, ಚಹಾ ಎಲ್ಲವೂ ಅದರ ಜೊತೆಗೇ ಹೋದವು.

ಮನೆಗೆ ಬಂದರೆ ಶಾರದೆ ಬಾಗಿಲಲ್ಲೇ ನಿಂತಿದ್ದಳು.

"ಹೇಳಿ ಬಂದ್ರಿ?"

"ನಾಳೆ ಹೇಳ್ತೀನಿ. ಈಗ ಅವರು ಸಿಟ್ಟಿನ್ಯಾಗದಾರ."

ಮರುದಿನ ಬೆಳಿಗ್ಗೆ ಅದೇ ಕಟ್ಟಿಗೆಯ ಸಂದಿಯಲ್ಲಿ ಎರಡನೆಯ ನೀಲಿ ಮೊಟ್ಟೆ! ಮೇಡಂ ತನ್ನ ಕರ್ತವ್ಯದಲ್ಲಿ ಎಂದೂ ತಪ್ಪುವವಳಲ್ಲ. ಅದೂ ಹಳ್ಳಕ್ಕೆ ಹೋಯಿತು. ಗಂಗಮ್ಮ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ರೇಣುಕಾ ಹಿತ್ತಲಿಗೆ ಕಾಲಿಡುವುದು ನಿಂತಿತು. ನಿನ್ನೆ ಹೇಳದವನು ಇವತ್ತು ಹೇಳಿದರೆ, ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಭಯಕ್ಕೆ ಹೀಗೆ ದಿನದಿನಕ್ಕೆ ಬಡ್ಡಿ ಬೆಳೆಯುತ್ತದೆಂದು ನನಗೆ ಗೊತ್ತಾದದ್ದು ಆಗ.

ನಾನು ಮೇಡಂ ಕಾಲಿಗೆ ದಾರ ಕಟ್ಟಿ ಯಂತ್ರಗಳ ಕೋಣೆಯ ಮೂಲೆಯಲ್ಲಿ ಕೂರಿಸಿದೆ. ಮೇಡಂ ಬೀದಿಗೆಲ್ಲ ಕೇಳುವಂತೆ ಬೈಯತೊಡಗಿತು. ಸದ್ದು ಕೇಳಿ ಗಂಗಮ್ಮ ಬಾಗಿಲಿಗೆ ಬಂದಳು.

"ಯಾಕ್ರೀ ಮೇಷ್ಟ್ರ, ಕೋಳಿ ಕಟ್ಟೀರಿ?"

"ಹುಷಾರಿಲ್ಲ ಗಂಗಮ್ಮ" ಎಂದೆ. ಬಾಯಿಗೆ ಬಂದದ್ದು ಅದು.

ಕೋಳಿಯ ಬಗ್ಗೆ ಗಂಗಮ್ಮನ ಮುಂದೆ ಹಾಗೆ ಸುಳ್ಳು ಹೇಳಬಾರದು. ಕೋಳಿ ಸಾಕಿದ ಮನೆಯ ಹೆಂಗಸರು ಬೆಳಿಗ್ಗೆ ಅವನ್ನು ಬಿಡುವ ಮುಂಚೆ ಒಂದೊಂದನ್ನೇ ಹಿಡಿದು, ಹಿಂಭಾಗ ಮೆಲ್ಲಗೆ ಒತ್ತಿ, ಇವತ್ತು ಮೊಟ್ಟೆ ಇಡುತ್ತದೋ ಇಲ್ಲವೋ ನೋಡುತ್ತಾರೆ. ಇಡುವುದಿದ್ದರೆ ಬುಟ್ಟಿ ಮುಚ್ಚಿ ಕೂರಿಸುತ್ತಾರೆ, ಇಲ್ಲದ್ದನ್ನು ಬಿಡುತ್ತಾರೆ. ಗಂಗಮ್ಮ ಸೀದಾ ಒಳಗೆ ಬಂದು ಮೇಡಂನ್ನು ಹಿಡಿದು ಒತ್ತಿ ನೋಡಿದಳು.

"ಇದಕ್ಕ ರೋಗ ಎಲ್ಲಿದು? ತತ್ತಿ ಐತಿ. ದಾರ ಬಿಚ್ಚಿ ಬುಟ್ಟಿ ಮುಚ್ರಿ, ಇಡ್ತೈತಿ" ಎಂದು ಹೇಳಿ ಹೋದಳು.

ಹೇಳಿದಂತೆಯೇ ಆಯಿತು. ಸ್ವಲ್ಪ ಹೊತ್ತಿನಲ್ಲಿ ಬುಟ್ಟಿಯ ಕೆಳಗೆ ಮೂರನೆಯ ನೀಲಿ ಮೊಟ್ಟೆ. ಕೈಯಲ್ಲಿ ಹಿಡಿದಾಗ ಬೆಚ್ಚಗಿತ್ತು. ಇದೇ ಸಾಕ್ಷಿ, ಇದನ್ನು ಹಿಡಿದುಕೊಂಡೇ ಹೋಗಿ ಹೇಳಿಬಿಡೋಣ ಎಂದು ಎದ್ದೆ. ನನ್ನ ಜೀವನದ ಅತ್ಯಂತ ಧೈರ್ಯದ ಗಳಿಗೆ ಅದು. ಅಷ್ಟರಲ್ಲಿ ದುರುಗಪ್ಪ ತಾನೇ ಬಾಗಿಲಲ್ಲಿ ಕಾಣಿಸಿಕೊಂಡ. ನನ್ನ ಕೈ ತಾನಾಗಿಯೇ ಮೊಟ್ಟೆಯನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಇಳಿಸಿತು.

"ಮೇಷ್ಟ್ರ, ಮನಸಿಗೆ ಸಮಾಧಾನಿಲ್ಲ. ನಿಮ್ಮ ಕೂಡ ಎರಡು ಮಾತಾಡೋಣಂತ ಬಂದೆ. ಕುಂದ್ರಿ" ಎಂದು ಪ್ರೀತಿಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟು ಬೆಂಚಿಗೆ ಅದುಮಿದ.

ನಾನು ಕುಳಿತೆ.

ಆ ಮನುಷ್ಯ ಬಹಳ ಹೊತ್ತು ಮಗಳ ಬಗ್ಗೆ ಮಾತಾಡಿದ. ಸಣ್ಣವಳಿದ್ದಾಗ ಯಾರ್ಡಿನಲ್ಲಿ ಚೀಲಗಳ ಮೇಲೆ ಮಲಗಿಸುತ್ತಿದ್ದನಂತೆ. ಈಗ ಅವಳು ಅನ್ನ ಸರಿಯಾಗಿ ಉಣ್ಣುತ್ತಿಲ್ಲವಂತೆ. ಹೇಳುವಾಗ ಅವನ ಕಣ್ಣು ತುಂಬಿತ್ತು. ಆದರೆ ಎದ್ದು ಸಮಾಧಾನ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವನು ಹೋಗುವವರೆಗೂ ಅಲುಗಾಡದೆ ಕುಳಿತಿದ್ದೆ. ಆಮೇಲೆ ಪ್ಯಾಂಟನ್ನು ಶಾರದೆ ತಾನು ತೊಳೆಯುವುದಿಲ್ಲ ಎಂದಳು.

ಅಂದಿನಿಂದ ಮೇಡಂ ಮೊಟ್ಟೆ ಇಡುವುದನ್ನೇ ನಿಲ್ಲಿಸಿತು. ಕಟ್ಟಿಹಾಕಿದ್ದಕ್ಕೋ, ನನ್ನ ಮುಖ ನೋಡಿಯೋ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬುಟ್ಟಿ ಎತ್ತಿ ನೋಡುತ್ತಿದ್ದೆ. ಒಳಗಿನಿಂದ ಅದೂ ನನ್ನನ್ನು ನೋಡುತ್ತಿತ್ತು. ಆ ಕಡೆ ದುರುಗಪ್ಪ ಹಿತ್ತಲಲ್ಲಿ ಕಟ್ಟಿಗೆ ಸೀಳಿದರೆ ಈ ಕಡೆ ನಾನು ಏಟು ಎಣಿಸುತ್ತಿದ್ದೆ. ಒಂದೊಂದು ಏಟಿಗೂ ನಾನು ಕೈ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ರೇಣುಕಾ ಗೋಡೆಯ ಆಚೆಯಿಂದ ಕರೆದಳು. ಮುಖ ಇಳಿದುಹೋಗಿತ್ತು.

"ಸರ್, ನಾಳೆ ಮುಂಜಾನೆ ಬಸ್ಸಿಗೆ ಅವ್ವ ನನ್ನ ಹಡಗಲಿಗೆ ದೊಡ್ಡಮ್ಮನ ಮನಿಗೆ ಕರ್ಕೊಂಡ್ ಹೊಂಟಾಳ್ರಿ. ಮೂರನೇ ತತ್ತಿ ಬರೋದ್ರೊಳಗ ಊರು ಬಿಡಬೇಕಂತ. ಹಡೆಯೋದೂ ಅಲ್ಲೇ ಅಂತ."

"ಈ ದಿನದಾಗ ಬಸ್ಸಿನ್ಯಾಗ? ಆ ರಸ್ತೇದಾಗ?"

"ನಂಗ ತತ್ತಿಗಿಂತ ಆ ರಸ್ತೆದ ಅಂಜಿಕಿ ಜಾಸ್ತಿ ಆಗೈತ್ರಿ. ನೀವರ ಅಪ್ಪಗ ಹೇಳ್ರಿ ಸರ್. ನಿಮ್ಮ ಮಾತು ಕೇಳ್ತಾನ."

ಕೊಟ್ಟೂರಿನಿಂದ ಹಡಗಲಿಗೆ ಹೋಗುವ ರಸ್ತೆ ಆಗ ಹೇಗಿತ್ತೆಂದರೆ ಬಸ್ಸು ಇಳಿದ ಮೇಲೂ ಒಂದು ದಿನ ಮೈ ಕುಲುಕುತ್ತಿತ್ತು. ನಾನು ಒಳಗೆ ಬಂದು ಕುಳಿತೆ. ನನಗೆ ನಿಜವಾಗಿ ಭಯವಾಯಿತು. ಅದುವರೆಗೆ ನನ್ನ ಕೈಯ ಬಗ್ಗೆ ಇದ್ದ ಭಯವಲ್ಲ, ಬೇರೆ. ದಾರಿಯಲ್ಲಿ ಆ ಹುಡುಗಿಗೆ ಏನಾದರೂ ಆದರೆ, ಮಗುವಿಗೆ ಏನಾದರೂ ಆದರೆ, ಅದು ಯಾವ ಮಾಟದಿಂದಲೂ ಆದದ್ದಲ್ಲ, ನನ್ನಿಂದ ಆದದ್ದು.

ಶಾರದೆ ಎದುರು ಬಂದು ನಿಂತಳು. "ನೀವು ಹೇಳ್ತೀರೋ, ನಾ ಹೋಗಿ ಹೇಳ್ಲೋ?"

"ನಾನೇ ಹೇಳ್ತೀನಿ" ಎಂದೆ. ಮಾತು ಅಲ್ಲಿಗೇ ನಿಂತಿದ್ದರೆ ನಾನು ಮನುಷ್ಯ ಎನಿಸಿಕೊಳ್ಳುತ್ತಿದ್ದೆ. ಆದರೆ ಭಯ ಸುಮ್ಮನಿರುತ್ತದೆಯೇ? ಬರಿಗೈಯಲ್ಲಿ ಹೋದರೆ ಯಾರು ನಂಬುತ್ತಾರೆ, ಕೋಳಿ ಮೊಟ್ಟೆ ನಿಲ್ಲಿಸಿದೆ, ಸಾಕ್ಷಿ ಎಲ್ಲಿದೆ ಎಂದು ಕಿವಿಯಲ್ಲಿ ಊದಿತು. ನಾನು ಅಂಗಡಿಗೆ ಹೋಗಿ ಒಂದು ಬಿಳಿ ಫಾರಂ ಮೊಟ್ಟೆ ತಂದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಶಾರದೆಯ ಬಚ್ಚಲಲ್ಲಿತ್ತು.

ಮುಗಿಲಿನ ಬಣ್ಣ ಬರಬೇಕೆಂದು ಒಂದು ಹನಿ ಹಾಕಿದೆ, ಹತ್ತಲಿಲ್ಲ. ಮತ್ತೊಂದು ಹಾಕಿದೆ, ಹತ್ತಲಿಲ್ಲ. ಬಾಟಲಿ ಜಾರಿತು. ಮೊಟ್ಟೆ ಹೊರಬಂದಾಗ ಬರೆಯುವ ಇಂಕಿನ ದವತಿಯಂತಿತ್ತು. ಒರೆಸಿದೆ, ಉಜ್ಜಿದೆ, ಊದಿ ಆರಿಸಿದೆ. ಮೊಟ್ಟೆಯ ಬಣ್ಣ ಸ್ವಲ್ಪವೂ ತಿಳಿಯಾಗಲಿಲ್ಲ. ನನ್ನ ಹತ್ತೂ ಬೆರಳು ಮಾತ್ರ ನೀಲಿಯಾದವು. ಸೋಪು, ಸೀಮೆಎಣ್ಣೆ, ಹುಣಸೆಹಣ್ಣು ಯಾವುದಕ್ಕೂ ಜಗ್ಗಲಿಲ್ಲ.

ಬೆಳಿಗ್ಗೆ ದುರುಗಪ್ಪನ ಮನೆ ಮುಂದೆ ಬಟ್ಟೆಯ ಗಂಟು, ಚೀಲ ಸಿದ್ಧವಾಗಿದ್ದವು. ಬೀಳ್ಕೊಡಲು ಓಣಿಯ ನಾಲ್ಕು ಜನ ಬಂದಿದ್ದರು. ನಾನು ಮೇಡಂನ್ನು ಎದೆಗವುಚಿಕೊಂಡು, ಬೆರಳುಗಳನ್ನು ಅದರ ರೆಕ್ಕೆಯ ಕೆಳಗೆ ಅಡಗಿಸಿಕೊಂಡು ಹೋದೆ. ಹೆಗಲ ಟವೆಲಿನ ಗಂಟಿನಲ್ಲಿ ಒಂದು ಹಿಡಿ ಜೋಳ, ಜೋಳದೊಳಗೆ ಆ ಇಂಕಿನ ಮೊಟ್ಟೆ. ಇಷ್ಟು ವರ್ಷ ಟೈಪ್ ಮಾಡಿಸಿದ ಅರ್ಜಿಗಳೆಲ್ಲ ಒಮ್ಮೆಗೇ ಬಾಯಿಗೆ ಬಂದವು.

"ದುರುಗಪ್ಪನವರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ..."

"ಯಾಕ್ರೀ ಮೇಷ್ಟ್ರ, ಮೈಯಾಗ ಆರಾಮಿಲ್ಲೇನು?" ಎಂದ ದುರುಗಪ್ಪ.

"ಆ ತತ್ತಿ ಈ ಕೋಳಿದು" ಎಂದೆ ಕಣ್ಣು ಮುಚ್ಚಿಕೊಂಡು. "ಇದು ನೀಲಿ ತತ್ತಿನೇ ಇಡೋದು. ಮಾಟ ಇಲ್ಲ, ಮಂತ್ರ ಇಲ್ಲ."

ಏನೂ ಆಗಲಿಲ್ಲ. ಕಣ್ಣು ತೆರೆದೆ. ದುರುಗಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ನಮಗ ಸಮಾಧಾನ ಆಗ್ಲಂತ ಹೇಳ್ತೀರಿ. ನೀವು ಭಾಳ ದೊಡ್ಡ ಮನಸ್ಸಿನೋರ್ರಿ" ಎಂದ. ಕೈ ಮುರಿಯುತ್ತಾನೆಂದು ಹೆದರಿದ್ದೆ, ಕೈ ಮುಗಿಯುತ್ತಾನೆಂದು ಅಂದುಕೊಂಡಿರಲಿಲ್ಲ!

ನಂಬದಿದ್ದರೂ ಗಂಗಮ್ಮ ಒಮ್ಮೆ ಮಗಳ ಮುಖ ನೋಡಿದಳು, ಒಮ್ಮೆ ಕೋಳಿಯ ಮುಖ ನೋಡಿದಳು. ಮೇಡಂನ್ನು ನನ್ನ ಕೈಯಿಂದ ತೆಗೆದುಕೊಂಡು ಒತ್ತಿ ನೋಡಿದಳು. ನಾನು ಥಟ್ಟನೆ ಬೆರಳುಗಳನ್ನು ಕಂಕುಳಿಗೆ ತುರುಕಿದೆ.

"ಐತಿ. ಒಂದು ತತ್ತಿ ಐತಿ. ಇನ್ನೇನು ಇಡ್ತೈತಿ. ಈ ಬಸ್ಸು ಹೋಗ್ಲಿ, ಮುಂದಿಂದಕ್ಕ ಹೋದ್ರಾತು."

ಅಂಗಳದಲ್ಲಿ ಹುಲ್ಲು ಹಾಸಿ, ಮೇಡಂನ್ನು ಕೂರಿಸಿ ಬುಟ್ಟಿ ಮುಚ್ಚಿದರು. ಸುತ್ತ ಎಲ್ಲರೂ ಕುಳಿತರು. ನಾನು ಮಾಡಬೇಕಾದದ್ದು ಒಂದೇ, ಸುಮ್ಮನೆ ಕೂರುವುದು. ಜಗತ್ತಿನಲ್ಲಿ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ, ನನ್ನಿಂದ ಅದೂ ಆಗಲಿಲ್ಲ. ಇವತ್ತು ಹಟಕ್ಕೆ ಬಿದ್ದು ಇಡದಿದ್ದರೆ? ಇಷ್ಟು ಜನರನ್ನು ನೋಡಿ ಬಿಳಿಯದು ಇಟ್ಟರೆ? ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. "ಕೋಳಿಗೆ ನಾಕು ಕಾಳು ಹಾಕ್ತೀನಿ" ಎಂದು ಬಗ್ಗಿ, ಬುಟ್ಟಿಯ ಅಂಚು ಎತ್ತಿ, ಜೋಳದ ಜೊತೆಗೆ ಆ ಮೊಟ್ಟೆಯನ್ನೂ ಒಳಗೆ ಉರುಳಿಸಿದೆ.

ಮರುಗಳಿಗೆಯೇ ಮೇಡಂ ಕೊಕ್ಕೊಕ್ಕೋ ಎಂದು ಜಯಘೋಷ ಮಾಡಿತು.

ಗಂಗಮ್ಮ ಬುಟ್ಟಿ ಎತ್ತಿದಳು. ಹುಲ್ಲಿನ ಮೇಲೆ ಎರಡು ಮೊಟ್ಟೆ. ಒಂದು ತಿಳಿಯಾದ ಮುಗಿಲ ಬಣ್ಣದ್ದು, ಇನ್ನೂ ಹಸಿಯಾಗಿತ್ತು. ಇನ್ನೊಂದು ಇಂಕಿನದು.

"ಎರಡು?" ಎಂದಳು ಗಂಗಮ್ಮ ನಿಧಾನವಾಗಿ. "ನನ್ನ ಕೈಗೆ ಹತ್ತಿದ್ದು ಒಂದ." ಇಂಕಿನ ಮೊಟ್ಟೆಯನ್ನು ಎತ್ತಿಕೊಂಡು ತಿರುಗಿಸಿದಳು. ಅಂಗೈ ನೀಲಿಯಾಯಿತು. ಅಂಗೈಯನ್ನು ಗಂಡನಿಗೆ ತೋರಿಸಿದಳು. ದುರುಗಪ್ಪ ಎದ್ದು ನಿಂತ.

"ಮೇಷ್ಟ್ರ, ಕೈ ತೋರ್ಸ್ರಿ."

ಕಂಕುಳಿನಿಂದ ಕೈ ತೆಗೆದು ಮುಂದೆ ಚಾಚಿದೆ. ಎರಡೂ ಕೈ, ಹತ್ತೂ ಬೆರಳು, ಉಗುರಿನ ಸಂದಿಯವರೆಗೂ ನೀಲಿ. ಊರಿಗೆ ಮಾಟದವನು ಸಿಕ್ಕಿದ್ದ. ಇವತ್ತಿಗೆ ನನ್ನ ಟೈಪಿಂಗ್ ಮುಗಿಯಿತು ಎಂದುಕೊಂಡೆ.

ಆಗ ರೇಣುಕಾ ನಕ್ಕಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಸಾಕು ಬಿಡವ್ವ, ಇಲ್ಲೇ ಹಡದೀಯ" ಎಂದು ಗಂಗಮ್ಮ ಗದರಿದರೂ ನಿಲ್ಲಲಿಲ್ಲ. ಆಮೇಲೆ ಮೆಲ್ಲಗೆ ಬಗ್ಗಿ ತಿಳಿ ನೀಲಿ ಮೊಟ್ಟೆಯನ್ನು ಎತ್ತಿಕೊಂಡು ಸೆರಗಿನಿಂದ ಉಜ್ಜಿದಳು. ಸೆರಗು ಹಾಗೇ ಇತ್ತು. ಮೊಟ್ಟೆಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು.

"ಅಪ್ಪಾ, ಇದು ಬಿಸಿ ಐತಿ. ಈಗ ಇಟ್ಟಿದ್ದು. ಹಳ್ಳಕ್ಕ ಒಯ್ದಿದ್ದೂ ಇದ ಬಣ್ಣದ್ದು. ಅದೊಂದು ಸರ್ ಅಂಜಿ ಮಾಡ್ಯಾರ, ಅಷ್ಟ. ಅವ್ವಾ, ಇದನ್ನ ಕುದಸು. ನಂಗ ಹಸಿವಿ ಆಗೈತಿ."

ಹಸಿವು ಎಂಬ ಮಾತು ಕೇಳಿದ್ದೇ ಗಂಗಮ್ಮ ಮಾಟ, ಬಸ್ಸು, ನಾನು ಎಲ್ಲವನ್ನೂ ಮರೆತು ಒಲೆಯ ಕಡೆ ಓಡಿದಳು. ದುರುಗಪ್ಪ ಮಾತ್ರ ಇನ್ನೂ ನನ್ನೆದುರೇ ನಿಂತಿದ್ದ. ನನ್ನ ಬಲ ಮಣಿಕಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದ.

"ನಾ ಏನಂದಿದ್ದೆ ಮೇಷ್ಟ್ರ?"

"ಕೈ... ಮುರಿತೀನಂತ."

ಅವನು ಆ ಕೈಯನ್ನು ಈ ಕಡೆ ಆ ಕಡೆ ಹೊರಳಿಸಿ ನೋಡಿದ. ಆಮೇಲೆ ಮೆಲ್ಲಗೆ ಕೆಳಗೆ ಬಿಟ್ಟ. "ಮುರಿಯಾಕ ಇದ್ರಾಗ ಏನೈತಿ" ಎಂದು ಬಟ್ಟೆಯ ಗಂಟು ಎತ್ತಿಕೊಂಡು ಒಳಗೆ ಹೋದ.

ಬಸ್ಸು ರೇಣುಕಾ ಇಲ್ಲದೆಯೇ ಹಡಗಲಿಗೆ ಹೋಯಿತು. ಆ ವಾರವೇ ಊರಿನಲ್ಲೇ ಸುಖವಾಗಿ ಹೆರಿಗೆಯಾಯಿತು, ಹೆಣ್ಣು ಮಗು. ಮೇಡಂನ್ನು ನಾನೇ ಬಾಣಂತಿಗೆಂದು ಕೊಟ್ಟೆ. ಕೊಟ್ಟೆ ಎನ್ನುವುದಕ್ಕಿಂತ, ಅದು ಗೋಡೆ ಹಾರಿ ಹೋದದ್ದು ವಾಪಸ್ ಬರಲಿಲ್ಲ ಎಂದರೆ ಸರಿ. ನೀಲಿ ಮೊಟ್ಟೆ ನೋಡಲು ಓಣಿಯೇನು, ಕೂಡ್ಲಿಗಿಯಿಂದಲೂ ಜನ ಬಂದರು. ಎಲ್ಲರೂ ದುರುಗಪ್ಪನ ಮನೆಯಲ್ಲಿ ಚಹಾ ಕುಡಿದರು. ನನ್ನ ಬೆರಳಿನ ಬಣ್ಣ ಹೋಗಲು ಬಹಳ ದಿನ ಹಿಡಿಯಿತು. ಹುಡುಗರ ಹಾಳೆಗಳ ಅಂಚಿನಲ್ಲೆಲ್ಲ ನೀಲಿ ಗುರುತು ಬೀಳುತ್ತಿತ್ತು.

ಕೆಲವು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ರೇಣುಕಾ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮಗು ಉಣ್ಣಲು ಹಟ ಮಾಡುತ್ತಿತ್ತು. "ಉಣ್ತಿಯೋ ಇಲ್ಲೋ? ನೀಲಿ ಕೈ ಮೇಷ್ಟ್ರನ್ನ ಕರಿತೀನಿ ನೋಡು" ಎಂದು ಗಂಗಮ್ಮ ಗದರಿಸುವುದು ಗೋಡೆಯ ಈಚೆ ನನಗೆ ಕೇಳಿಸಿತು. ಮಗು ತಕ್ಷಣ ಸುಮ್ಮನಾಯಿತು. ನನಗೆ ರೋಮಾಂಚನವಾಯಿತು. ಇಡೀ ಕೊಟ್ಟೂರಿನಲ್ಲಿ ಎಲ್ಲರಿಗೂ ಹೆದರುವ ನನಗೆ ಹೆದರುವ ಒಂದು ಜೀವ! ನಾನು ಮೀಸೆ ಸವರಿಕೊಂಡು, ಗಂಟಲು ಸರಿಮಾಡಿಕೊಂಡು, ಗೋಡೆಯ ಮೇಲಿನಿಂದ ಇಣುಕಿದೆ.

ಮಗು ಎದ್ದು ಬಂತು. ಕೈ ತೋರಿಸು ಎಂಬಂತೆ ಸನ್ನೆ ಮಾಡಿತು. ತೋರಿಸಿದೆ. ಅಂಗೈ ನೋಡಿತು, ತಿರುಗಿಸಲು ಹೇಳಿ ಹಿಂಭಾಗವನ್ನೂ ನೋಡಿತು. ಆಮೇಲೆ ಅಜ್ಜಿಯ ಕಡೆ ತಿರುಗಿ ನಿರಾಸೆಯಿಂದ ಹೇಳಿತು.

"ಅವರು ಅಲ್ಲಬೇ. ಇವ್ರು ಬರೇ ಮೇಷ್ಟ್ರು."